ಸವಣೂರಿನ ಕೆಮ್ಮು, ಹಿರೇಕೆರೂರಿನ ಇಂಗ್ಲಿಷ್

೧೯೩೮ರಲ್ಲಿ ನಾನು ಸವಣೂರಿನಲ್ಲಿ ಖಾಸಗಿ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದೆ. ಹೆಸರಿಗೆ ಕ್ಲಾಸು, ಇದ್ದದ್ದು ಬಾಡಿಗೆಯ ಪಡಸಾಲೆ. ಅದಕ್ಕೊಂದು ಶಾಖೆ ಬೇಕೆಂಬ ಹುಕಿ ಹುಟ್ಟಿ, ಹಿರೇಕೆರೂರಿಗೆ ಕಳಿಸಲು ಈರಣ್ಣನೆಂಬ ಮ್ಯಾಟ್ರಿಕ್ ಪಾಸಾದ ತರುಣನನ್ನು ತಯಾರು ಮಾಡತೊಡಗಿದೆ.

ಈರಣ್ಣನಿಗೆ ಇದು ಬರೀ ನೌಕರಿಯಲ್ಲ. ಹಿರೇಕೆರೂರಿನಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟಿದ್ದ ಸೋದರಮಾವ ಚನ್ನಬಸಪ್ಪನವರು ಮಗಳು ಗಂಗವ್ವನನ್ನು ಅವನಿಗೆ ಕೊಡಲು ಒಪ್ಪಿದ್ದರು. ಕ್ಲಾಸಿಗೆ ಅಂಗಡಿಯ ಮಾಳಿಗೆಯನ್ನೂ ಬಿಟ್ಟುಕೊಟ್ಟಿದ್ದರು. ಆದರೆ ಒಂದು ಕರಾರು ಹಾಕಿದ್ದರು.

“ಮಳಿಗಾಲ ಮುಗದ ಮ್ಯಾಲೆ ನಾನ ಬಂದು ಕುಂತು ನೋಡತೇನಿ. ಪಾಠ ಪಸಂದ ಅನಿಸಿದ್ರ ಮದುವಿ. ಇಲ್ಲಂದ್ರ ಹುಡುಗೀನ ಬ್ಯಾರೆ ಕಡೆ ಕೊಡತೇನಿ, ನೀ ನನ್ನ ಅಂಗಡ್ಯಾಗ ತಕ್ಕಡಿ ಹಿಡಿ.”

ನನ್ನದು ಡೈರೆಕ್ಟ್ ಮೆಥಡ್. ಅಂದರೆ ಕನ್ನಡ ಬಳಸದೆ, ಮಾಸ್ತರು ಏನಾದರೂ ತೋರಿಸಿ ಇಂಗ್ಲಿಷಿನಲ್ಲಿ ಹೇಳುವುದು, ಮಕ್ಕಳು ಅದನ್ನು ಹಾಗೆಯೇ ತಿರುಗಿ ಹೇಳುವುದು. ಈರಣ್ಣ ಹಿಂದಿನ ಸಾಲಿನಲ್ಲಿ ಕೂತು ನನ್ನನ್ನು ಕಣ್ಣೆವೆ ಇಕ್ಕದೆ ನೋಡಿದ. “ನಾ ಮಾಡಿದಂಗ ಮಾಡು, ಸಾಕು” ಎಂದು ಹರಸಿ ಕಳಿಸಿದೆ.

ಮಳೆಗಾಲ ಮುಗಿದು ಪರೀಕ್ಷೆಯ ದಿನ ಬಂತು. ಮಾಳಿಗೆಯಲ್ಲಿ ಚನ್ನಬಸಪ್ಪನವರ ಪಕ್ಕ ಸವಣೂರಿನಿಂದ ಹೋದ ನಾನೂ ಗತ್ತಿನಿಂದ ಕೂತೆ. ಈರಣ್ಣ ತಂಬಿಗೆ ಎತ್ತಿದ. ಧೋತರ ಜಗ್ಗಿಕೊಂಡ, ಗಂಟಲು ಕೆರೆದ, ಮೂಗು ಒರೆಸಿದ. “ಹ್ಹಖ್ಖಂ! ದಿಸ್ ಈಸ್ ಎ ಪಾಟ್!” ಮಕ್ಕಳೆಲ್ಲ ಎದ್ದು, ಜಗ್ಗಿ, ಕೆಮ್ಮಿ, ಒರೆಸಿ ಅದನ್ನೇ ಹೇಳಿದವು.

“ಏನಲೇ ಈರ್ಯಾ, ಇಷ್ಟೂ ಮಂದಿಗೆ ನೆಗಡಿ ಆಗೇತೇನು?” ಎಂದರು ಮಾವ.

“ಇಲ್ಲ ಮಾಮಾ, ಇಂಗ್ಲಿಷ್ ಹಿಂಗ ಕಲಿಸೂದು. ಸವಣೂರಾಗ ನಮ್ಮ ಗುರುಗಳು ಹಿಂಗ ತೋರಿಸ್ಯಾರ.”

ಇಪ್ಪತ್ತು ವರ್ಷ ನಶ್ಯ ಏರಿಸಿದ ಮೂಗು ನನ್ನದು. ವಾಕ್ಯಕ್ಕೊಮ್ಮೆ ಹೀಗೆ ಮಾಡುತ್ತೇನೆಂದು ಅಂದಿನವರೆಗೂ ನನಗೇ ಗೊತ್ತಿರಲಿಲ್ಲ! ಸಮಜಾಯಿಷಿ ಕೊಡಲು ಎದ್ದೆ. ಮಾತಿಗಿಂತ ಮೊದಲು ಬಂದದ್ದು “ಹ್ಹಖ್ಖಂ!”

ಮಕ್ಕಳು ಶಿಸ್ತಿನಿಂದ “ಹ್ಹಖ್ಖಂ!” ಎಂದವು.

ಚನ್ನಬಸಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ರುಮಾಲು ಜಾರಿತು. ಹುಡುಗನ ಮದುವೆ ನನ್ನ ಮೂಗಿನಿಂದ ಮುರಿಯಿತಲ್ಲ ಎಂದು ನನಗೆ ಸಂಕಟವಾಯಿತು. ಈರಣ್ಣ ತಂಬಿಗೆ ಕೆಳಗಿಟ್ಟು, ಮಾವನ ಕಡೆಗೇ ಬೆರಳು ತೋರಿಸಿ ಮಕ್ಕಳನ್ನು ಕೇಳಿದ: “ವಾಟ್ ಈಸ್ ಹಿ ಡೂಯಿಂಗ್?”

ಈ ಪಾಠ ನಾನು ಕಲಿಸಿರಲಿಲ್ಲ; ನನ್ನ ಕ್ಲಾಸಿನಲ್ಲಿ ಮಕ್ಕಳು ಹೇಳಿದ್ದನ್ನು ತಿರುಗಿ ಹೇಳುತ್ತಿದ್ದವು ಅಷ್ಟೇ, ಪ್ರಶ್ನೆ ಕೇಳುವ ಪದ್ಧತಿ ಇರಲಿಲ್ಲ. ಮಕ್ಕಳು ಧೋತರ ಮರೆತು, ಕೆಮ್ಮು ಮರೆತು ಕುಣಿದು ಕೂಗಿದವು: “ಹಿ ಈಸ್ ಲಾಫಿಂಗ್!”

“ಏನಂತಾವ್ರಿ ಮಾಸ್ತರ?” ಕಣ್ಣೀರು ಒರೆಸಿಕೊಳ್ಳುತ್ತ ಚನ್ನಬಸಪ್ಪನವರು ನನ್ನನ್ನು ಕೇಳಿದರು.

“ನೀವು ನಗಾಕತ್ತೀರಿ ಅಂತಾವ್ರಿ.”

“ಖರೇನ ಹೇಳ್ಯಾವ ಬಿಡ್ರಿ.” ರುಮಾಲು ಸರಿಮಾಡಿಕೊಂಡರು. “ಹುಡುಗೀನ ಕೊಡತೇನಿ. ಆದ್ರ ಅಕ್ಕಿಕಾಳು ಹಾಕೂವಾಗ ನೀವು ಕೆಮ್ಮಬ್ಯಾಡ್ರಿ, ಮದುಮಗನೂ ಕೆಮ್ಮ್ಯಾನು.”

ಮುಂದೆ ಎಷ್ಟೋ ಮಾಸ್ತರರನ್ನು ತಯಾರು ಮಾಡಿದೆ. “ನಾ ಮಾಡಿದಂಗ ಮಾಡು” ಎಂದು ಮತ್ತೆ ಯಾರಿಗೂ ಹೇಳಲಿಲ್ಲ. ಮೊದಲ ದಿನವೇ ಅವರೆದುರು ಚೆನ್ನಾಗಿ ಕೆಮ್ಮಿ, “ಇದು ನಂದು, ಇಲ್ಲೇ ಬಿಟ್ಟು ಹೋಗ್ರಿ” ಎನ್ನುತ್ತಿದ್ದೆ. ನಾನು ಕಲಿಸಿದ್ದನ್ನಷ್ಟೇ ಮಾಡುವಷ್ಟು ದಿನ ಈರಣ್ಣ ನನ್ನ ನಕಲಾಗಿದ್ದ. ನಾನು ಕಲಿಸದ ಒಂದು ಪ್ರಶ್ನೆ ಕೇಳಿದ ದಿನ ಮಾಸ್ತರನಾದ.