ನೆರೆಯ್ದಾ ಮತ್ತು ಬಿಳಿ ತಂತಿ

ಬಾನಿ ಎಂಬ ಊರಿನಲ್ಲಿ ಕಾರುಗಳಿಗೆ ಸ್ಪೀಕರ್ ಕೂರಿಸುವ ನೆರೆಯ್ದಾ ಪೆಗೆರೊ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಮೀನಿನವನ ತಕ್ಕಡಿಯನ್ನೂ ನಂಬಳು, ಪಾದ್ರಿ ಹೇಳಿದ ಹೊತ್ತನ್ನೂ ನಂಬಳು. ತಂತಿಯ ವಿಷಯಕ್ಕೆ ಬಂದರಂತೂ ಕೇಳುವುದೇ ಬೇಡ. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋಗುವ ದಪ್ಪ ತಂತಿಯನ್ನು ಯಾರೇ ತರಲಿ, ಒಂದೆಳೆ ಬಿಡಿಸಿ ಚಾಕುವಿನಿಂದ ಕೆರೆದೇ ನೋಡುವಳು. ಮೇಲೆ ಕೆಂಪಿದ್ದು ಒಳಗೆ ಬಿಳಿ ಕಂಡರೆ ಅದು ತಾಮ್ರದ ಸೋಗು ಹಾಕಿದ ಅಲ್ಯೂಮಿನಿಯಂ. ಅಂಥದ್ದೊಂದು ಕಾದು ಗಿರಾಕಿಯ ಸೀಟು ಸುಟ್ಟಮೇಲೆ ಬಂದ ಅಭ್ಯಾಸ ಅದು. ಅನುಮಾನಪಡುವುದು ತಪ್ಪಲ್ಲ, ಆದರೆ ಲಗಾಮು ಬೇಕು. ಅದು ಅವಳಲ್ಲಿರಲಿಲ್ಲ.

ಮಗಳು ಯುಬೆರ್ಕಿಸ್ ಭಾನುವಾರ ಕಡಲ ದಂಡೆಯಲ್ಲಿ ನಡೆಯುವ, ಯಾರ ಕಾರಿನ ಸ್ಪೀಕರ್ ಜೋರು ಎಂಬ ಸದ್ದಿನ ಪಂದ್ಯಕ್ಕೆ ಕಾರು ಇಳಿಸುವವಳಿದ್ದಳು. ತಂತಿ ನನ್ನ ಲೆಕ್ಕಕ್ಕಿರಲಿ ಎಂದು ಎಲಿಹಿಯೊ ಹಟ ಹಿಡಿದ. ಜ್ಞಾನಸ್ನಾನದ ದಿನ ಆ ಹುಡುಗಿಯನ್ನು ಎತ್ತಿ ಹಿಡಿದ ಜ್ಞಾನತಂದೆ ಅವನು. ಅಂದಿನಿಂದ ನೆರೆಯ್ದಾಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ. ಒಡಹುಟ್ಟಿದವರು ಮಾತು ಬಿಟ್ಟರೂ ಕೊಂಪಾದ್ರೆಗಳು ಬಿಡುವಂತಿಲ್ಲ. ಗಂಡ ಸತ್ತ ವರ್ಷ ಅವಳ ಅಂಗಡಿ ಮುಚ್ಚದಂತೆ ನೋಡಿಕೊಂಡವನೂ ಅವನೇ. ಅವನು ತಂದದ್ದನ್ನು ಮಾತ್ರ, ಕೆರೆದು ನೋಡಿದರೆ ಅವಮಾನ ಮಾಡಿದಂತೆ ಎಂದು ಅವಳು ಚಾಕು ಮುಟ್ಟುತ್ತಿರಲಿಲ್ಲ.

ಶುಕ್ರವಾರ ಅವನು ತಂತಿಯ ಸುರುಳಿ ತಂದಿಟ್ಟಾಗ ಅಂಗಡಿಯಲ್ಲಿ ನಾಲ್ಕಾರು ಜನ ಕಾಫಿ ಕುಡಿಯುತ್ತಿದ್ದರು. ತುದಿಯಲ್ಲಿ ಎಳೆಗಳು ಬೆಳ್ಳಗೆ ಹೊಳೆದವು. ನೆರೆಯ್ದಾ ಬಗ್ಗಿ ನೋಡಿದಳು.

“ಇದೆಲ್ಲಿ ಸಿಕ್ತು ಕೊಂಪಾದ್ರೆ?”

“ರಾಜಧಾನೀಲಿ. ದೋಣಿಗಳಿಗೆ ವೈರಿಂಗ್ ಮಾಡೋರ ಹತ್ರ.”

“ಅಗ್ಗಕ್ಕೇ ಸಿಕ್ಕಿರ್ಬೇಕು.”

“ಯಾಕೆ ಹಾಗಂತೀರಿ ಕೊಮಾದ್ರೆ?”

“ಕಾಣ್ತಿದ್ಯಲ್ಲ, ಬರೀ ಅಲ್ಯೂಮಿನಿಯಂ. ಬೇರೆಯವರಾದ್ರೆ ಕೆಂಪು ಬಣ್ಣನಾದ್ರೂ ಬಳಿದು ತರ್ತಾರೆ. ನೀವೇ ಎತ್ತಿ ಹಿಡಿದ ಮಗುವಿನ ಕಾರಿಗೆ ಇಂಥದ್ದು ಹಾಕ್ಸೋಕೆ ಮನಸ್ಸು ಹೇಗ್ ಬಂತು?”

ಯಾರೋ ಕಿಸಕ್ಕೆಂದರು. ಎಲಿಹಿಯೊ ಅವಳದೇ ಚಾಕು ತೆಗೆದುಕೊಂಡು ಒಂದೆಳೆಯನ್ನು ಕೆರೆದ. ಬಿಳಿ ಪುಡಿ ಉದುರಿತು. ಅಡಿಯಲ್ಲಿ ಅಪ್ಪಟ ಕೆಂಪು.

“ಕಲಾಯಿ ಹಾಕಿದ ತಾಮ್ರ ಇದು. ಉಪ್ಪು ಗಾಳಿಗೆ ಹಸಿರು ಹಿಡಿಯಲ್ಲ. ಹುಡುಗಿ ಮನೆ ಕಡಲ ಪಕ್ಕ ಅಲ್ವಾ, ಅದಕ್ಕೇ ಹುಡುಕಿ ತಂದೆ.”

ಊರಿನ ತಂತಿಯನ್ನೆಲ್ಲ ಕೆರೆದವಳು ಇದೊಂದನ್ನು ಕೆರೆಯದೆ ತೀರ್ಪು ಕೊಟ್ಟಿದ್ದಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

“ಇಂಥದ್ದನ್ನ ನಾನು ನೋಡೇ ಇರ್ಲಿಲ್ಲ ಕೊಂಪಾದ್ರೆ. ಕೂತ್ಕೊಳ್ಳಿ, ಕಾಫಿ ಕುಡೀರಿ.”

“ಗೊತ್ತಿಲ್ದಿದ್ರೆ ಕೇಳ್ಬಹುದಿತ್ತು. ತಂತಿ ಹುಡುಗಿಗೆ ಕೊಟ್ಟಿದ್ದು, ಇರ್ಲಿ. ನಾನಿನ್ನು ಬರ್ತೀನಿ, ಸೆನ್ಯೋರಾ.”

ಗುರುತಿಲ್ಲದ ಹೆಂಗಸನ್ನು ಕರೆಯುವ ಹಾಗೆ ಕರೆದು ಅವನು ಹೊರಟುಹೋದ.

ಭಾನುವಾರ ಮಗಳ ಕಾರಿನ ಸದ್ದಿಗೆ ದಂಡೆಯೆಲ್ಲ ನಡುಗಿತು. ಎಲಿಹಿಯೊ ಬಂದಿರಲಿಲ್ಲ. ಜನ ಕುಣಿಯುತ್ತಿದ್ದಾಗ ನೆರೆಯ್ದಾ ಬಾನೆಟ್ ಎತ್ತಿ, ಒಂದಿಷ್ಟಾದರೂ ಕಾದಿರಲಪ್ಪಾ, ನನ್ನ ಮಾತು ಪೂರ್ತಿ ಸುಳ್ಳಾಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ತಂತಿಯನ್ನು ಮುಟ್ಟಿದಳು. ಅದು ತಣ್ಣಗಿತ್ತು.