ಅಮಾವಾಸ್ಯೆಯ ದಿನ ನೋಡಿದ ಮನೆ

ಆಳಂದದ ಮೊದಲ ಮುಂಜಾನೆ ನಾನು ಎದ್ದದ್ದು ಮನೆ ಕುಸಿಯಿತೆಂದು ಹೆದರಿ. ಗೂಡಿನಲ್ಲಿಟ್ಟ ಚಿಮಣಿ ನಡುಗುತ್ತಿತ್ತು. ಹೆಂಡತಿ ನೀಲಮ್ಮನ ಬಾಯಿ ಅಲ್ಲಾಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಬಾಗಿಲು ತೆರೆದರೆ ಓಣಿಯ ಎರಡೂ ಬದಿಗೆ ಕಂಚಗಾರರು ಸಾಲಾಗಿ ಕೂತು ತಾಮ್ರದ ಕೊಡ ಬಡಿಯುತ್ತಿದ್ದರು.

ತಪ್ಪು ನನ್ನದೇ. ಅಂದೋಲಾ ಕಡೆಯ ನಮ್ಮೂರಲ್ಲೇ ಮಾಸ್ತರನಾಗಿದ್ದ ನನಗೆ ಇಲ್ಲಿಗೆ ತಬಾದಲಾ ಆಯಿತು. ನಿಜಾಮರ ಕಚೇರಿಯಲ್ಲಿ ವರ್ಗಾವಣೆಗೆ ಹಾಗೆನ್ನುತ್ತಾರೆ. ಮನೆ ನೋಡಲು ಬಂದದ್ದು ಅಮಾವಾಸ್ಯೆಯ ದಿನ. ಅಂದು ನಮ್ಮಲ್ಲಿ ನೇಗಿಲು ಹೂಡುವುದಿಲ್ಲ, ಕಂಚಗಾರರು ಸುತ್ತಿಗೆ ಮುಟ್ಟುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಓಣಿ ಮಠದ ಹಾಗೆ ತಣ್ಣಗಿರುವುದನ್ನು ಕಂಡು, ಅವ್ವನಿಗೆ ಇದೇ ಸರಿಯೆಂದು ಮನೆಯ ಮಾಲಕನಿಗೆ ಮಾತು ಕೊಟ್ಟುಬಂದೆ. ಮಕ್ಕಳಿಗೆ ಬುದ್ಧಿ ಹೇಳುವವನ ಬುದ್ಧಿ ಇಷ್ಟು.

ಅವ್ವನ ಕಣ್ಣು ಹುಡುಗಿಯಿದ್ದಾಗಲೇ ಮೈಲಿಬೇನೆಯಲ್ಲಿ ಹೋದವು. ಊರಲ್ಲಿ ಅದು ಒಂದು ಕೊರತೆಯೆಂದು ಯಾರಿಗೂ ಅನಿಸಿರಲಿಲ್ಲ. ಹೆಜ್ಜೆಯ ಸಪ್ಪಳದಿಂದಲೇ ಬಂದವರನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ರೊಟ್ಟಿ ಬಡಿಯುವುದನ್ನು ಕೇಳಿ "ಹಿಟ್ಟು ಸಡಿಲ ಆಗ್ಯದ ನೀಲಾ" ಎನ್ನುತ್ತಿದ್ದಳು. ಬಾವಿಯ ಗಡಗಡಿ ಕಿರುಗುಟ್ಟುವ ದಿಕ್ಕು ಹಿಡಿದು ಒಬ್ಬಳೇ ನೀರಿಗೆ ಹೋಗಿಬರುತ್ತಿದ್ದಳು. ಆಳಂದಕ್ಕೆ ಬಂದ ಮೇಲೆಯೇ ಅವಳು ಕುರುಡಿಯಾದದ್ದು. ಮುಟ್ಟಿದರೆ ಬೆಚ್ಚಿ "ಯಾರು? ಯಾರು?" ಎಂದು ಕೈ ಬೀಸುತ್ತಿದ್ದಳು. ಒಂದು ದಿನ ಹೊಸ್ತಿಲು ದಾಟಿದವಳಿಗೆ ಎತ್ತಿನ ಗೆಜ್ಜೆ ಕೇಳಿಸದೆ ಬಂಡಿಯ ನೊಗ ಭುಜಕ್ಕೆ ಬಡಿಯಿತು. ಆಮೇಲೆ ಅವಳು ಮೂಲೆ ಬಿಟ್ಟು ಏಳಲಿಲ್ಲ.

ಪಕ್ಕದ ಮನೆಯ ಕಂಚಗಾರ ಮೌನಪ್ಪನ ಮುಂದೆ ನಿಂತು ಕೈ ಮುಗಿದೆ. ಆ ಹೆಸರಿನವನ ಮನೆಯಿಂದಲೇ ಎಲ್ಲರಿಗಿಂತ ಹೆಚ್ಚು ಸದ್ದು. ಪಾಪ, ಒಳ್ಳೆಯ ಮನುಷ್ಯ.

"ನಾ ಮಧ್ಯಾಹ್ನ ಒಂದು ತಾಸು ಬಿಡ್ತೀನ್ರಿ ಮಾಸ್ತರ. ಆದ್ರ ಓಣಿಗೆಲ್ಲ ನಾ ಹ್ಯಾಂಗ ಹೇಳಲಿ? ಬಡೀದಿದ್ರ ನಮ್ಮ ಒಲಿ ಹತ್ತಂಗಿಲ್ರಿ."

ಅವನು ನಿಲ್ಲಿಸಿದ ಆ ತಾಸಿನಲ್ಲಿ ಉಳಿದ ಮನೆಗಳ ಬಡಿತ ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಬೇರೆ ಮನೆ ಹುಡುಕಿದೆ. ಒಂದು ಸಿಕ್ಕಿತು, ಅಂಗಳದಲ್ಲಿ ಬಾವಿ. ಮಾಲಕ ಅವ್ವನ ವಿಷಯ ಕೇಳಿದವನೇ, "ಕಣ್ಣಿಲ್ಲದಾಕಿ ಬ್ಯಾಡ್ರಿ, ನಾಳೆ ಏನರ ಆದ್ರ?" ಎಂದ. ಊರಲ್ಲಿ ಅವಳಿಗೆ ದಾರಿ ತೋರಿಸಿದ್ದೇ ಬಾವಿ ಎಂದು ಅವನಿಗೆ ಹೇಗೆ ತಿಳಿಸಲಿ?

ಸದ್ದಿಲ್ಲದ ಊರಲ್ಲಿ ಕೂತು ಓದುವ ನಿಮಗೆ ಇದು ಸಣ್ಣ ಸಂಗತಿ ಅನಿಸೀತು. ನಮ್ಮ ಮನೆಯಲ್ಲಿ ಉಪ್ಪು ಬೇಕೆಂದರೂ ಕೂಗಬೇಕಿತ್ತು. ಕೂಗಿ ಆಡಿದ ಮಾತಿಗೆ ಸಿಟ್ಟು ತಾನಾಗಿ ಸೇರಿಕೊಳ್ಳುತ್ತದೆ. ನಾನೂ ನೀಲಮ್ಮನೂ ಕಾರಣವಿಲ್ಲದೆ ಕಿತ್ತಾಡುತ್ತಿದ್ದೆವು. ಕೂಗಿ ಕೂಗಿ ಸಾಕಾಗಿ ಅವ್ವನೊಡನೆ ಮಾತಾಡುವುದನ್ನೇ ಕಡಿಮೆ ಮಾಡಿದೆವು.

ಮೂರನೆಯ ವರ್ಷದ ಬೇಸಿಗೆ ರಜೆಗೆ ಅವ್ವನನ್ನು ಊರಿಗೆ ಕರೆದುಕೊಂಡು ಹೊರಟೆ. ಇನ್ನು ಅವಳನ್ನೂ ನೀಲಮ್ಮನನ್ನೂ ಅಲ್ಲಿಯೇ ಬಿಟ್ಟು ಒಬ್ಬನೇ ಹಿಂದಿರುಗುವುದೆಂದು ನಿಶ್ಚಯಿಸಿದ್ದೆ. ಹರಿಗೋಲಿನಲ್ಲಿ ಭೀಮೆಯನ್ನು ದಾಟುವಾಗ ಅವ್ವ ನೀರಿನ ಸಪ್ಪಳದ ಕಡೆಗೆ ಮುಖ ತಿರುಗಿಸಲಿಲ್ಲ. ದಣಿದಿದ್ದಾಳೆ ಅಂದುಕೊಂಡೆ.

ಮನೆ ತೆರೆದು ಕಸ ಹೊಡೆಯುವಷ್ಟರಲ್ಲಿ ನೆರೆಯ ಸಿದ್ದವ್ವಕ್ಕ ಓಡಿಬಂದಳು. "ಬಂದ ಕೂಡ್ಲೇ ಯಾಕ ಜಗಳಾಡ್ಲಾಕತ್ತೀರಿ?" ನಾವು ಕಸಬರಿಗೆ ಎಲ್ಲಿದೆಯೆಂದು ಮಾತಾಡುತ್ತಿದ್ದೆವು, ಅಷ್ಟೇ. ನಾಚಿಕೆಯಾಗಿ ಇಬ್ಬರೂ ಬಾಯಿ ಮುಚ್ಚಿದೆವು. ಮನೆ ಹಿಂದಿನಂತೆ ನಿಶ್ಶಬ್ದವಾಯಿತು. ಅವ್ವ ಕಟ್ಟೆಯ ಮೇಲೆ ಕೂತು ತಲೆ ವಾಲಿಸಿ ಬಹಳ ಹೊತ್ತು ಆಲಿಸಿದಳು. ಸಿದ್ದವ್ವಕ್ಕ ಎದುರಿಗೇ ನಡೆದುಬಂದು ನಿಂತರೂ ಹೆಸರು ಹಿಡಿದು ಕರೆಯಲಿಲ್ಲ.

"ಇಲ್ಲಿಗೂ ಕಂಚಗಾರರು ಬಂದಾರೇನೋ?"

"ಇಲ್ಲವ್ವ. ಯಾರೂ ಬಂದಿಲ್ಲ."

"ಮತ್ತ ಬಡಿಲಾಕತ್ತಾರಲ್ಲ?"

ಅವಳು ಎರಡೂ ಅಂಗೈಯಿಂದ ಕಿವಿ ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿದಳು. ಬಡಿತ ಎಲ್ಲಿಂದ ಬರುತ್ತಿದೆಯೆಂದು ಆಗ ಅವಳಿಗೂ ತಿಳಿಯಿತು.

ಮೂರು ದಿನ ಹಾಗೆಯೇ ಕೂತಳು. ನಾಲ್ಕನೆಯ ದಿನ ನನ್ನ ಕೈ ಹುಡುಕಿ ಹಿಡಿದು ಹೇಳಿದಳು:

"ಆಳಂದಕ್ಕ ಹೋಗಣ ನಡಿ. ಅಲ್ಲಿ ಈ ಸಪ್ಪಳ ನಿಮಗೂ ಕೇಳಸ್ತದ. ಇಲ್ಲಿ ನನಗೊಬ್ಬಾಕಿಗೇ."

ರಜೆ ಇನ್ನೂ ಬಹಳ ಉಳಿದಿತ್ತು. ಮರುದಿನವೇ ಊರ ಮನೆಗೆ ಬೀಗ ಹಾಕಿದೆ.