ಹಾರ ಹಾಕಿದ ಟಾಕಿ

ನಮ್ಮ ಮಿಲ್ಲಿನ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಚಾಚಾರ ಮೂಗಿನ ಎರಡೂ ಬದಿಗೆ ಕನ್ನಡಕ ಒತ್ತಿದ ಕೆಂಪು ಗುಳಿಗಳಿದ್ದವು. ಬಂದಾಗಲೆಲ್ಲ ಕನ್ನಡಕ ತೆಗೆದು ಗಾಳಿ ಒತ್ತುವ ಆ ಯಂತ್ರದ ಪೈಪಿನ ಬಾಯಿಗೆ ಹಿಡಿಯುತ್ತಿದ್ದರು. ಗಾಳಿ ಬಿಟ್ಟು, ಗಾಜಿನ ಮೇಲೆ ಹನಿ ಕೂತಿದೆಯೇ ಎಂದು ಬೆಳಕಿಗೆ ತಿರುಗಿಸುವರು. ಕನ್ನಡಕವಿಲ್ಲದೆ ಅವರಿಗೆ ಏನು ಕಾಣಬೇಕು! ಕೊನೆಗೆ ನನ್ನ ಕೈಗೇ ಕೊಟ್ಟು, "ನೋಡ್ರಿ ಅಕ್ಕಾರ, ಹನಿ ಐತೇನು?" ಎನ್ನುವರು.

ಹುಬ್ಬಳ್ಳಿಯ ನಮ್ಮ ಬೇಳೆ ಮಿಲ್ಲು ಮಾವನವರು ಕಟ್ಟಿದ್ದು. ಗಂಡನಿಗೆ ಹತ್ತಿ ವ್ಯಾಪಾರವೇ ಸಾಕಾಗಿತ್ತು. ಹಟ ಹಿಡಿದು ಬೀಗದ ಕೈ ನಾನು ಇಸಿದುಕೊಂಡೆ. "ಒಂದ್ ವರ್ಷ ನೋಡೂಣು. ಒಂದ್ ಲಾರಿ ಮಾಲ ತಿರುಗಿ ಬಂದ್ರೂ ಕೀಲಿ ವಾಪಸ್ ಕೊಡಬೇಕು" ಎಂದಿದ್ದರು ಮಾವ.

ಶಿರಗುಪ್ಪಿ, ಸುಳ್ಳ ಊರುಗಳ ಕಡಲೆ ಬೇಳೆಯಾದ ಮೇಲೆ ಒಂದು ಯಂತ್ರ ಅದನ್ನು ಬಣ್ಣ ನೋಡಿ ಆರಿಸುತ್ತದೆ. ಕರಿ ಕಾಳು ಕಂಡರೆ ಗಾಳಿಯಿಂದ ಫಟ್ಟನೆ ಊದಿ ಆಚೆ ಹಾಕುತ್ತದೆ. ಆ ಗಾಳಿ ಒಣಗಿರಬೇಕು. ನೀರು ಸೇರಿದರೆ ಊದುವ ವಾಲ್ವ್ ಹಿಡಿದುಕೊಂಡು, ಕರಿ ಕಾಳು ಬೇಳೆಯೊಳಗೇ ಉಳಿಯುತ್ತದೆ. "ಗಾಳ್ಯಾಗಿನ ನೀರು ಹಂಗ ಕಾಣಂಗಿಲ್ರಿ. ಒತ್ತಿ ಟಾಕ್ಯಾಗ ತುಂಬಿದ್ರ ಕಾಣತೈತಿ" ಎಂದು ಚಾಚಾ ಕಂಪ್ರೆಸರಿನ ಗಾಳಿ ತುಂಬುವ ಟಾಕಿಯ ಕೆಳಗಿನ ವಾಲ್ವ್ ತೆರೆಯುವರು. ಬುಸ್ಸೆಂದು ಕಂದು ನೀರು ಬೀಳುತ್ತಿತ್ತು. ಕೂತಲ್ಲಿ ಕೂರುವ ಮನುಷ್ಯನಲ್ಲ. ಚಹಾದ ಬಸಿ ಹಿಡಿದುಕೊಂಡೇ ಕಂಪ್ರೆಸರಿನ ಸುತ್ತ ಮೂರು ಸುತ್ತು ಹಾಕುವರು. ನನಗಂತೂ ಮೊದಲೇ ತಾಳ್ಮೆ ಕಡಿಮೆ, ಅವರನ್ನು ನೋಡಿದರೆ ತಲೆಯೇ ತಿರುಗುತ್ತಿತ್ತು.

ಆ ವರ್ಷ ದಸರೆಯಲ್ಲಿ, ಆಯುಧಗಳ ಖಂಡೆ ಪೂಜೆಯ ದಿನ ಮಳೆ ಹಿಡಿದಿತ್ತು. ಯಂತ್ರಗಳಿಗೆಲ್ಲ ವಿಭೂತಿ, ಕುಂಕುಮ ಹಚ್ಚಿ, ಟಾಕಿಗೆ ಬಾಳೆಕಂಬ ಕಟ್ಟಿ ಚೆಂಡುಹೂವಿನ ಹಾರ ಸುತ್ತಿದ್ದೆವು. ಚಾಚಾ ಪೇಢೆ ತಿನ್ನುತ್ತಲೇ ಬಗ್ಗಿ ನೋಡಿದರು.

"ಅಕ್ಕಾರ, ವಾಲ್ವ್ ಹಾರದಾಗ ಮುಚ್ಚೇತಿ. ನೀರು ತಗೀಲಿ?"

"ಪೂಜಾ ಆಗೇತಿ ಚಾಚಾ, ಇವತ್ತ ಮುಟ್ಟಂಗಿಲ್ಲ. ನೀವು ಹೋಗ್ರಿ."

"ಆತು. ನಾಡಿದ್ದ ಚಾಲೂ ಮಾಡೂಕಿಂತ ಮೊದಲ ತಗಿಸ್ರಿ. ಮರೀಬ್ಯಾಡ್ರಿ."

ಅತಿಥಿಗಳ ಗಡಿಬಿಡಿಯಲ್ಲಿ "ಹೂಂ ಹೂಂ" ಎಂದೆ. ಯಾರಿಗೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಮಿಲ್ಲು ಶುರುವಾಯಿತು. ಪೂಜೆಯ ಹಾರ ಕೀಳಲು ಆಳುಗಳಿಗೆ ಮನಸ್ಸಾಗಲಿಲ್ಲ, ನೀರು ಟಾಕಿಯಲ್ಲೇ ಉಳಿಯಿತು. ಮಧ್ಯಾಹ್ನ ಮಾಲು ನೋಡಲು ಗಿರಾಕಿ ಬರುವವನಿದ್ದ. ಹತ್ತು ಗಂಟೆಗೆ ನೋಡಿದರೆ ಬೇಳೆಯಲ್ಲಿ ಬರೀ ಕರಿ ಕಾಳು. ಫೋನ್ ಮಾಡಿದ ಕಾಲು ಗಂಟೆಯಲ್ಲಿ ಚಾಚಾ ಬಂದರು. ಬೈಯಲಿಲ್ಲ.

"ಹಾರ ನೀವ ತಗೀರಿ ಅಕ್ಕಾರ, ನಾ ಮುಟ್ಟೂದು ಬ್ಯಾಡ. ವಾಲ್ವ್ ನಾ ತಗೀತೇನಿ" ಎಂದರು.

ಬಕೆಟ್ ತುಂಬ ನೀರು ಬಂತು. ಪೈಪು ಬಿಚ್ಚಿ, ವಾಲ್ವ್ ಒಂದೊಂದೇ ಒರೆಸಿ ಒಣಗಿಸಿ, ಗಿರಾಕಿ ಬರುವಷ್ಟರಲ್ಲಿ ಯಂತ್ರ ಮೊದಲಿನಂತೆ ಮಾಡಿಟ್ಟರು. ಮಾಲು ಉಳಿಯಿತು. ಆದರೆ ಮಾವ ಆ ಬಕೆಟ್ ನೋಡಿಬಿಟ್ಟಿದ್ದರು.

"ಇದು ಯಾರ ತಪ್ಪು?"

ನಾನು ಬಾಯಿ ತೆರೆಯುವ ಮೊದಲೇ ಚಾಚಾ ಅಂದರು: "ನಂದರಿ ಸಾವಕಾರ್ರ. ನೀರು ತಗೀರಿ ಅಂತ ಹೇಳೂದು ಮರತೆ."

ಆಗಲಾದರೂ ಮಾತಾಡಬಹುದಿತ್ತು. ಕೀಲಿಗೊಂಚಲು ನನ್ನ ಸೊಂಟದಲ್ಲಿತ್ತು. ಅದರ ಮೇಲೆ ಸೆರಗು ಎಳೆದುಕೊಂಡೆ. "ಮರೆಯೋ ಮನಷ್ಯಾ ನಮಗ ಬ್ಯಾಡ" ಎಂದರು ಮಾವ. ಚಾಚಾ ಚೀಲ ಎತ್ತಿಕೊಂಡು ಹೋದರು.

ಕೆಲವು ವರ್ಷ ಕಳೆದು, ಈ ಸಲದ ಮಳೆಗಾಲದಲ್ಲಿ ಚಾಚಾ ತೀರಿಕೊಂಡರು. ಮಾತಾಡಿಸಿ ಬರಲು ಮನೆಗೆ ಹೋದೆ. ಅವರ ಹೆಂಡತಿ ನನ್ನ ಗುರುತು ಹಿಡಿದರು.

"ನಿಮ್ಮ ಮಿಲ್ಲಿನ್ಯಾಗ ಮರತ ಸುದ್ದಿ ಎಲ್ಲಾ ಕಡೆ ಹಬ್ಬಿತ್ರಿ. ಒಬ್ಬೊಬ್ಬರ ಕರಿಯೂದು ಬಿಟ್ರು. ನಾನೂ ಭಾಳ ಅಂದೆ, ವಯಸ್ಸಾತು, ಮರೀತೀರಿ, ಮನ್ಯಾಗ ಕುಂದರ್ರಿ ಅಂತ. ತಿರುಗಿ ಒಂದ ಮಾತು ಅನ್ಲಿಲ್ಲ. ಕುಂತಬಿಟ್ರು."

ನನಗೆ ಕೂರಲಾಗಲಿಲ್ಲ. ಎದ್ದು ನಿಂತೇ ಹೇಳಿದೆ: "ಅವರು ಮರತಿರಲಿಲ್ಲರಿ. ಹೇಳಿದ್ರು. ಮರತಾಕಿ ನಾನು."

"ಇದನ್ನ ನನಗ ಹೇಳಿದ್ರ ಏನಾತು?" ಎಂದರು ಅವರು. "ಸಾವಕಾರ್ರಿಗೆ ಹೇಳ್ರಿ."

ಮಾವ ಈಗಲೂ ದಿನಾ ಮಿಲ್ಲಿಗೆ ಬಂದು ಕೂರುತ್ತಾರೆ. ವಾರವಾಯಿತು, ದಿನಾ ಅವರ ಮುಂದೆ ಹೋಗಿ ನಿಂತು, ಚಹಾ ಬೇಕೇ ಎಂದು ಕೇಳಿ ತಿರುಗಿ ಬರುತ್ತಿದ್ದೇನೆ. ಅದಕ್ಕೇ ಇದನ್ನು ಬರೆದೆ. ನಾಳೆ ಈ ಹಾಳೆಗಳನ್ನೂ ಕೀಲಿಗೊಂಚಲನ್ನೂ ಅವರ ಮೇಜಿನ ಮೇಲೆ ಒಟ್ಟಿಗೇ ಇಡುತ್ತೇನೆ.